ಗುರುಗಳ ಕೋಟು ಮತ್ತು ಇಲ್ಲದ ಬೆಂಕಿ

"ಈ ಭಾನುವಾರ ಮನೆ ಕೆಲಸವೆಲ್ಲ ನನ್ನದು. ಗುಡಿಸೋದು, ಒರೆಸೋದು, ಬಟ್ಟೆ, ಗ್ಯಾಸು, ಎಲ್ಲ. ಅದೂ ಡ್ಯೂಟಿಯ ಪೂರ್ತಿ ಉಡುಪಿನಲ್ಲಿ. ನಡುವೆ ಒಂದೇ ಒಂದು ಸಲ ಕೂತರೂ ಆಮೇಲೆ ನನ್ನನ್ನ ಏನು ಬೇಕಾದರೂ ಅನ್ನು," ಎಂದು ಗುರುಗಳು ನೆಲದ ಮೇಲೆ ಅಂಗಾತ ಮಲಗಿಕೊಂಡೇ ಘೋಷಿಸಿದರು.

ಇಂಥ ಘೋರ ಪ್ರತಿಜ್ಞೆಗಳನ್ನು ಎದ್ದು ನಿಂತು ಮಾಡುವುದು ವಾಡಿಕೆ. ಆದರೆ ಗುರುಗಳಿಗೆ ಆಗ ಏಳಲು ಆಗುತ್ತಿರಲಿಲ್ಲ. ಎಲ್ಲ ರಗಳೆಗೂ ಮೂಲ ಅದೇ.

ಗುರುಗಳೆಂದರೆ ಶಾಲೆಯ ಗುರುಗಳಲ್ಲ. ಅಗ್ನಿಶಾಮಕ ಠಾಣೆಯ ಹಳೆಯ ಹುಲಿ. ಅಲ್ಲಿಗೆ ಹೊಸದಾಗಿ ಬಂದವರೆಲ್ಲ ಪೈಪು ಸುತ್ತುವುದನ್ನೂ ಏಣಿ ಹತ್ತುವುದನ್ನೂ ಇವರಿಂದಲೇ ಕಲಿತವರು. ಹಾಗಾಗಿ ಠಾಣೆಯಲ್ಲಿ ಗುರುಗಳು ಎಂದೇ ಹೆಸರಾಯಿತು. ಹೆಸರು ಬಂದ ಮೇಲೆ ಅದಕ್ಕೆ ತಕ್ಕ ಹಾಗೆ ಬಾಯಿಯೂ ಬೆಳೆಯಿತು. ಮನೆಗೆ ಬಂದರೂ ಪಾಠ ನಿಲ್ಲುತ್ತಿರಲಿಲ್ಲ. ಒಲೆ ಹಚ್ಚುವಾಗ ಮುಖ ಎಲ್ಲಿರಬೇಕು, ಚಾಕು ಹೇಗೆ ಹಿಡಿಯಬೇಕು, ಮೆಟ್ಟಿಲಿಳಿಯುವಾಗ ಯಾವ ಕಾಲು ಮುಂದಿಡಬೇಕು, ಎಲ್ಲಕ್ಕೂ ಗುರುಪತ್ನಿ ಉಪದೇಶ ಕೇಳಬೇಕು. ಆಕೆ ಹೊಲಿಗೆ ಯಂತ್ರದ ಸದ್ದನ್ನು ಸ್ವಲ್ಪ ಜೋರು ಮಾಡಿಕೊಂಡು ಇಷ್ಟು ವರ್ಷ ಸಂಸಾರ ತೂಗಿಸಿದ್ದರು.

ಅವತ್ತು ಠಾಣೆಯಲ್ಲಿ ಡ್ರಿಲ್ ಇತ್ತು. ಗುರುಗಳು ಮನೆಗೆ ಬಂದವರೇ ಶೂ ಕೂಡ ಬಿಚ್ಚದೆ ಹಾಲ್‌ನ ನಡುವೆ ಧೊಪ್ಪನೆ ಬಿದ್ದುಕೊಂಡರು. ಗುರುಪತ್ನಿ ಯಂತ್ರ ನಿಲ್ಲಿಸಿದರು.

"ಇವತ್ತು ಎಲ್ಲಿ ಬೆಂಕಿ ಬಿದ್ದಿತ್ತು?"

"ಎಲ್ಲೂ ಇಲ್ಲ. ಡ್ರಿಲ್ ಇತ್ತು."

"ಡ್ರಿಲ್‌ನಲ್ಲಿ ಬೆಂಕಿ ಇರುತ್ತಾ?"

"ಇರಲ್ಲ."

"ಹೊಗೆ?"

"ಅದೂ ಇರಲ್ಲ."

"ಬೆಂಕಿ ಇಲ್ಲ, ಹೊಗೆ ಇಲ್ಲ. ಮತ್ತೇನು ಕಡಿದು ಕಟ್ಟೆ ಹಾಕಿ ಬಂದಿದ್ದೀರಿ ಅಂತ ಹೀಗೆ ಬಿದ್ಕೊಂಡಿದ್ದೀರಿ? ಬೆಂಕಿ ಇದ್ದ ದಿನ ಬಿದ್ಕೊಂಡ್ರೆ ಪಾಪ ಅಂತ ಕಾಫಿ ಕೊಡ್ತೀನಿ. ಇದಕ್ಕೆ ಏನನ್ನಬೇಕು? ಗ್ಯಾಸ್ ಖಾಲಿಯಾಗಿ ಕೂತಿದೆ. ಲಿಫ್ಟ್ ಕೆಟ್ಟು ನಿಂತಿದೆ. ಈ ನಾಲ್ಕು ಮಹಡೀನ ನಾನೇ ಹತ್ತಬೇಕು, ನಾನೇ ಇಳೀಬೇಕು. ನೀವು ಬಂದ್ರೆ ಮರದ ದಿಮ್ಮಿ ತಂದು ಹಾಕಿದ ಹಾಗೆ."

ಇದಕ್ಕೆ ನಿಜವಾದ ಉತ್ತರ ಗುರುಗಳ ಹತ್ತಿರ ಇತ್ತು. ಬಹಳ ಸಣ್ಣ ಉತ್ತರ: ಕೋಟು. ಆ ಕೋಟಿಗೆ ಮೂರು ಪದರ. ಹೊರಗಿನದು ಜ್ವಾಲೆ ತಡೆಯುತ್ತದೆ, ನಡುವಿನದು ಕುದಿಯುವ ನೀರು ತಡೆಯುತ್ತದೆ, ಒಳಗಿನದು ಕಾವು ತಡೆಯುತ್ತದೆ. ಅದರ ಜೊತೆಗೆ ಅಂಥದ್ದೇ ಪ್ಯಾಂಟು, ಮೊಣಕಾಲು ಮುಟ್ಟುವ ಬೂಟು, ಕೈಗವಸು, ತಲೆಗೆ ಕುಲಾವಿ, ಕುಲಾವಿಯ ಮೇಲೆ ಹೆಲ್ಮೆಟ್ಟು, ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರು. ಒಂದು ಹೆಜ್ಜೆ ಇಡಬೇಕಾದರೆ ಪದರಕ್ಕೆ ಪದರ ಉಜ್ಜಿ ಕಾಲು ಹಿಂದಕ್ಕೆ ಎಳೆಯುತ್ತದೆ. ಹೊರಗಿನ ಕಾವು ಒಳಗೆ ಬರುವುದಿಲ್ಲ, ಸರಿ. ಒಳಗಿನ ಕಾವು ಹೊರಗೆ ಹೋಗುವುದೂ ಇಲ್ಲ. ಬೆವರು ಸುರಿದು ಬೂಟಿನಲ್ಲಿ ನಿಲ್ಲುತ್ತದೆಯೇ ಹೊರತು ಮೈ ತಣ್ಣಗಾಗುವುದಿಲ್ಲ. ಬೆಂಕಿ ಬೇಕೇ ಇಲ್ಲ, ಅದನ್ನು ತೊಟ್ಟು ಸುಮ್ಮನೆ ಮೆಟ್ಟಿಲು ಹತ್ತಿಳಿದರೆ ಸಾಕು. ಹರೆಯದಲ್ಲಿ ಗುರುಗಳಿಗೆ ಇದು ಗೊತ್ತೇ ಆಗಿರಲಿಲ್ಲ. ಈಗೀಗ ಪ್ರತಿ ಡ್ರಿಲ್‌ನಲ್ಲೂ ಅವರು ಕೋಟನ್ನು ತೊಡುತ್ತಿರಲಿಲ್ಲ, ಹೊರುತ್ತಿದ್ದರು.

ಆದರೆ ಈ ಉತ್ತರ ಬಾಯಿಂದ ಹೊರಗೆ ಬೀಳುವ ಹಾಗಿರಲಿಲ್ಲ. ಠಾಣೆಯಲ್ಲಿ ವರ್ಷಕ್ಕೊಮ್ಮೆ ಪರೀಕ್ಷೆ. ನಾಲ್ಕು ಮಹಡಿಯ ಡ್ರಿಲ್ ಗೋಪುರದ ತುದಿಯಿಂದ ಆಳುದ್ದದ ಮರಳಿನ ಬೊಂಬೆಯೊಂದನ್ನು, ಪೂರ್ತಿ ಉಡುಪಿನಲ್ಲಿ, ಹೇಳಿದ ಹೊತ್ತಿನೊಳಗೆ ಕೆಳಗೆ ಹೊತ್ತು ತರಬೇಕು. ತಂದವನು ಅಗ್ನಿಶಾಮಕ ವಾಹನದ ಮೇಲೆ, ತರದವನು ಟೆಲಿಫೋನಿನ ಮುಂದೆ. ಗುರುಗಳ ಹಳೆಯ ಜೊತೆಗಾರನೊಬ್ಬ ಹಾಗೆ ತಪ್ಪಿ ಟೆಲಿಫೋನಿಗೆ ಹೋಗಿದ್ದ. ಒಂದು ಕಾಲದಲ್ಲಿ ಏಣಿ ಹತ್ತಿದರೆ ಜನ ನಿಂತು ನೋಡಬೇಕು, ಅಂಥ ಆಳು. ಈಗ ಅವನ ಹೆಸರೇ ಹಲೋ. ಹಾಗೆ ಹೆಸರಿಟ್ಟು ಇಡೀ ಠಾಣೆಯನ್ನು ನಗಿಸಿದವರು ಗುರುಗಳೇ. ಹೋದ ವರ್ಷದ ಪರೀಕ್ಷೆಯಲ್ಲಿ ಗುರುಗಳು ಕೂದಲೆಳೆಯ ಅಂತರದಲ್ಲಿ ಪಾಸಾಗಿ, ಪಂಪ್ ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿ, ಅದನ್ನು ತಾವೇ ತೊಳೆದು, ವಾಪಸು ಬಂದು ಹುಡುಗರಿಗೆ ಉಸಿರು ಹೇಗೆ ಹಿಡಿಯಬೇಕೆಂದು ಪಾಠ ಹೇಳಿದ್ದರು. ಈ ವರ್ಷದ್ದು ಬರುವ ವಾರ. ಹೆಂಡತಿಗೆ ನಿಜ ಹೇಳೋಣವೆಂದರೆ, ಅವರ ಹತ್ತಿರ ಬಟ್ಟೆ ಹೊಲಿಸುವವರಲ್ಲಿ ಠಾಣಾಧಿಕಾರಿಗಳ ಮನೆಯವರೂ ಒಬ್ಬರು. ಅಳತೆ ಕೊಡುವ ಹೊತ್ತಿನಲ್ಲಿ ಏನೇನು ಮಾತು ಹೋಗುತ್ತದೋ ಯಾರಿಗೆ ಗೊತ್ತು.

"ಸುಸ್ತಾ? ನನಗಾ?" ಎಂದು ಗುರುಗಳು ಸೂರಿಗೆ ಹೇಳಿದರು. ಆಮೇಲೆ ಬಂದದ್ದೇ ಆ ಪ್ರತಿಜ್ಞೆ. ಒಂದೇ ಏಟಿಗೆ ಪರೀಕ್ಷೆಯ ತಾಲೀಮೂ ಆಗಬೇಕು, ಹೆಂಡತಿಯ ಬಾಯಿಯೂ ಮುಚ್ಚಬೇಕು ಎಂಬುದು ಅವರ ಲೆಕ್ಕ.

ಠಾಣೆಯ ಉಡುಪನ್ನು ಮನೆಗೆ ಒಯ್ಯುವ ಹಾಗಿಲ್ಲ. ಗುರುಗಳು ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಕದ್ದ ಮಾಲು ಸಾಗಿಸುವವರ ಹಾಗೆ ಹಿಂದಿನ ಗೇಟಿನಿಂದ ತಂದರು. ಭಾನುವಾರ ಬೆಳಿಗ್ಗೆ ಒಂದೊಂದಾಗಿ ತೊಟ್ಟು ಹಾಲ್‌ನಲ್ಲಿ ನಿಂತಾಗ ಅವರ ಮುಖದಲ್ಲಿ ಮದುಮಗನ ಕಳೆ ಇತ್ತು. ಗುರುಪತ್ನಿ ಬಂದು ಕೋಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ಬಟ್ಟೆಯ ವಿಷಯದಲ್ಲಿ ಅವರ ಬೆರಳಿಗೆ ಮೋಸ ಮಾಡುವುದು ಕಷ್ಟ.

"ಇದರೊಳಗೆ ಗಾಳಿ ಎಲ್ಲಿಂದ ಹೋಗುತ್ತೆ?"

"ಹೋಗಬಾರದು ಅಂತಲೇ ಹೊಲಿದಿರೋದು."

"ಇದನ್ನ ಹಾಕ್ಕೊಂಡು ನೆಲ ಒರೆಸ್ತೀರಾ?"

"ನೀನು ಮೆಷಿನ್ ಮುಂದೆ ಕೂತು ನೋಡ್ತಾ ಇರು. ಬಗ್ಗುವಾಗ ಸೊಂಟ ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ಅದನ್ನೇ ನಿನಗೆ ಇಷ್ಟು ದಿನದಿಂದ ಹೇಳ್ತಿರೋದು."

ಗುಡಿಸುವುದು ಸುಸೂತ್ರವಾಗಿ ಮುಗಿಯಿತು. ಒರೆಸುವುದು ಅರ್ಧ ಮುಗಿಯುವಷ್ಟರಲ್ಲಿ ಎಲ್ಲಿಂದಲೋ ನೀರು ಬೀಳತೊಡಗಿತು. ಗುರುಗಳು ಸೂರು ನೋಡಿದರು. ಸೂರು ಸೋರುತ್ತಿರಲಿಲ್ಲ. ಹೆಲ್ಮೆಟ್ಟಿನ ಅಂಚಿನಿಂದ ಸ್ವತಃ ಗುರುಗಳೇ ಸೋರುತ್ತಿದ್ದರು.

"ಅಲ್ಲಿ ಇನ್ನೊಂದು ಸಲ ಒರೆಸಿ," ಎಂದರು ಗುರುಪತ್ನಿ, ಸೂಜಿಗೆ ದಾರ ಪೋಣಿಸುತ್ತಾ.

ಗುರುಗಳು ಒರೆಸಿದರು. ಒರೆಸಿದ ಜಾಗದಲ್ಲಿ ಮತ್ತೆ ಸೋರಿತು. ಆ ಮೂಲೆಯಲ್ಲಿ ಅವರು ಕಳೆದಷ್ಟು ಹೊತ್ತನ್ನು ಯಾವ ಅಗ್ನಿ ಅನಾಹುತದಲ್ಲೂ ಕಳೆದಿರಲಿಲ್ಲ. ಆಮೇಲೆ ಒಗೆದ ಹೊದಿಕೆಗಳ ಬಕೆಟ್ಟು. ಅದನ್ನು ತಾರಸಿಗೆ ಒಯ್ದು ಹಿಂಡಿ ಹರವಿ ಬರುವಷ್ಟರಲ್ಲಿ ಎರಡೂ ಬೂಟು ಪಚಪಚ ಅನ್ನುತ್ತಿದ್ದವು. ತೊಡೆ ನಡುಗುತ್ತಿತ್ತು, ಎದೆಬಡಿತ ಹೆಲ್ಮೆಟ್ಟಿನೊಳಗೆ ಕೇಳಿಸುತ್ತಿತ್ತು.

"ಮುಖ ಬೀಟ್‌ರೂಟ್ ಆಗಿದೆ. ಬಿಚ್ಚಿ, ಸ್ವಲ್ಪ ಕೂತು ನೀರು ಕುಡೀರಿ," ಎಂದು ಗುರುಪತ್ನಿ ಲೋಟ ತಂದು ಹಿಡಿದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ಗುರುಗಳಿಗೆ ಮಾತ್ರ ಅದು ಶತ್ರುವಿನ ಬಲೆ ಎನಿಸಿತು.

"ಕೂತರೆ ತಾನೆ ನೀನು ಗೆಲ್ಲೋದು. ಗ್ಯಾಸ್ ಸಿಲಿಂಡರ್ ಎಲ್ಲಿದೆ?"

ಈ ಉಡುಪಿನಲ್ಲಿ ಕೆಲಸ ಮಾಡುವವನು ಬಾಯಾರುವ ಮೊದಲೇ ನೀರು ಕುಡಿಯಬೇಕು, ಆಗಾಗ ಕೋಟು ಬಿಚ್ಚಿ ಕೂರಬೇಕು, ತಲೆ ಧಿಮ್ಮೆಂದರೆ ಆ ಕ್ಷಣವೇ ಜೊತೆಯವನಿಗೆ ಹೇಳಬೇಕು. ಠಾಣೆಯಲ್ಲಿ ಇದು ಮೊದಲನೆಯ ಪಾಠ, ಅದನ್ನು ಹೇಳಿಕೊಡುವವರು ಗುರುಗಳು. ಆದರೆ ಪಾಠ ಹೇಳುವವನಿಗೂ ಅದು ಅನ್ವಯಿಸುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗ್ಯಾಸಿನವನು ಮೇಲೆ ಬರುವುದಿಲ್ಲ. ಖಾಲಿಯನ್ನು ಕೆಳಗೆ ಕೊಟ್ಟು ತುಂಬಿದ್ದನ್ನು ಹೊತ್ತು ತರಬೇಕು. ಗುರುಗಳು ಪರೀಕ್ಷೆಯ ನಿಯಮದಂತೆ ಬೆನ್ನಿಗೆ ಡ್ರಿಲ್‌ನಲ್ಲಿ ಮುಕ್ಕಾಲು ಖಾಲಿಯಾಗಿದ್ದ ಗಾಳಿಯ ಸಿಲಿಂಡರ್ ಬಿಗಿದು, ಮುಖಕ್ಕೆ ಮುಖವಾಡ ಹಾಕಿ, ಹೆಗಲ ಮೇಲೆ ಖಾಲಿ ಗ್ಯಾಸ್ ಸಿಲಿಂಡರ್ ಇಟ್ಟು ಮೆಟ್ಟಿಲಿಗೆ ಕಾಲಿಟ್ಟರು.

ಮೂರನೆಯ ಮಹಡಿಯಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಪೇಪರ್ ತೆಗೆದುಕೊಳ್ಳಲು ಬಾಗಿಲು ತೆರೆದರು. ಅವರ ಕಣ್ಣಿಗೆ ಬಿದ್ದದ್ದು ಹೆಲ್ಮೆಟ್ಟು, ಮುಖವಾಡ ತೊಟ್ಟ ಅಗ್ನಿಶಾಮಕದವನೊಬ್ಬ ತೂರಾಡುತ್ತಾ ಗ್ಯಾಸ್ ಸಿಲಿಂಡರನ್ನು ಕೆಳಗೆ ಸಾಗಿಸುತ್ತಿರುವ ದೃಶ್ಯ. ಇದರಿಂದ ಬೇರೆ ಯಾವ ತೀರ್ಮಾನಕ್ಕೆ ಬರಲು ಸಾಧ್ಯ?

"ಗ್ಯಾಸ್ ಲೀಕ್! ಎಲ್ಲರೂ ಹೊರಗೆ ಬನ್ನಿ!"

ಗುರುಗಳು ಗಾಬರಿಯಾಗಿ ಇಲ್ಲ ಇಲ್ಲ ಎಂದು ಕೈ ಬೀಸಿದರು. ಆ ಗಾತ್ರದ ಕೈಗವಸು ಬೀಸಿದರೆ ಹೋಗಿ ಹೋಗಿ ಎಂದಂತೆಯೇ ಕಾಣುತ್ತದೆ. ಅದೇ ಹೊತ್ತಿಗೆ, ಬೆನ್ನಿನ ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತಾ ಬಂದಾಗ ತಾನಾಗಿ ಊದುವ ಎಚ್ಚರಿಕೆಯ ಸೀಟಿ ಕಿವಿ ಹರಿಯುವ ಹಾಗೆ ಕೂಗಿಕೊಂಡಿತು. ಇನ್ನೇನು ಬೇಕು? ಬಾಗಿಲುಗಳೆಲ್ಲ ಧಡಧಡ ತೆರೆದವು. ಒಬ್ಬರು ಟಿವಿ ಎತ್ತಿಕೊಂಡು ಬಂದರು. ಒಬ್ಬಾಕೆ ಮೀನಿನ ತೊಟ್ಟಿಯನ್ನು ಎದೆಗವಚಿಕೊಂಡು, ಗಂಡನನ್ನು ಒಳಗೇ ಮರೆತು ಬಂದರು. ಅರ್ಧ ಗಡ್ಡ ಹೆರೆದವರೊಬ್ಬರು ಉಳಿದರ್ಧ ನೊರೆಯೊಂದಿಗೆ ಓಡಿ ಬಂದರು.

ಗುರುಗಳು ಮುಖವಾಡ ಕಿತ್ತು, ಸಿಲಿಂಡರ್ ಕೆಳಗಿಟ್ಟು, ಏನೂ ಆಗಿಲ್ಲವೆಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಜನ ಒಬ್ಬರನ್ನೊಬ್ಬರು ನೂಕುತ್ತಿರುವುದು ಕಣ್ಣಿಗೆ ಬಿತ್ತು. ಆಯುಷ್ಯವಿಡೀ ಮಾಡಿದ ಕೆಲಸ ಸುಮ್ಮನೆ ಬಿಡುತ್ತದೆಯೇ?

"ನೂಕಬೇಡಿ! ಗೋಡೆ ಹಿಡಿದು ಒಬ್ಬೊಬ್ಬರಾಗಿ ಇಳೀರಿ. ಲಿಫ್ಟ್ ಹತ್ತಿರ ಯಾರೂ ಹೋಗಬಾರದು."

"ಲಿಫ್ಟ್ ಕೆಟ್ಟು ಯಾವ ಕಾಲ ಆಯ್ತು ಸ್ವಾಮಿ," ಎಂದು ನೊರೆಯವರು ಇಳಿಯುತ್ತಲೇ ನೆನಪಿಸಿದರು.

ಮನೆಯಲ್ಲಿ ಒಬ್ಬರೂ ಕೇಳದ ಮಾತನ್ನು ಇಲ್ಲಿ ಇಡೀ ಕಟ್ಟಡ ಕೇಳಿತು. ಜನ ನೂಕುವುದು ಬಿಟ್ಟು ಸಾಲಾಗಿ ಇಳಿದರು. ಗುರುಗಳಿಗೆ ಮೈ ಕಾದಿತ್ತು, ತಲೆ ಕಾದಿತ್ತು, ಯಾವುದು ನಿಜ ಯಾವುದು ಡ್ರಿಲ್ ಎನ್ನುವ ಗೆರೆ ಕರಗುತ್ತಾ ಬಂದಿತ್ತು. ಕೆಳಗಿನಿಂದ ಬ್ಯಾಂಕಿನವರು ಠಾಣೆಗೆ ಫೋನ್ ಮಾಡಿದರು. ಎತ್ತಿಕೊಂಡವನು ಹಲೋ.

"ಬೇಗ ಬನ್ನಿ, ಗ್ಯಾಸ್ ಲೀಕ್. ನಿಮ್ಮವರೊಬ್ಬರು ಆಗಲೇ ಬಂದಿದ್ದಾರೆ, ಪಾಪ ಒಬ್ಬರೇ ಒದ್ದಾಡ್ತಿದ್ದಾರೆ."

"ನಮ್ಮವರಾ? ನಮ್ಮವರೆಲ್ಲ ಇಲ್ಲೇ ಕೇರಂ ಆಡ್ತಿದ್ದಾರಲ್ಲ ಸಾರ್," ಎಂದ ಹಲೋ. ವಿಳಾಸ ಕೇಳಿದ ಮೇಲೆ ಅದು ಗುರುಗಳ ಕಟ್ಟಡವೆಂದು ಹೊಳೆದು ಅವನು ಗಂಟೆ ಒತ್ತಿದನಂತೆ.

ಇತ್ತ ಜನ ಇಳಿದು ಮೆಟ್ಟಿಲು ಖಾಲಿಯಾಯಿತು. ಗುರುಗಳೂ ಇಳಿದು ಹೋಗಿದ್ದರೆ ಬಿಸಿಲಲ್ಲಿ ನಾಲ್ಕು ಬೈಗುಳ ತಿಂದು ಮುಗಿಯುತ್ತಿತ್ತು. ಆದರೆ ಎಲ್ಲರೂ ಹೊರಗೆ ಹೋದ ಮೇಲೆ ಯಾರಾದರೂ ಉಳಿದಿದ್ದಾರೆಯೇ ಎಂದು ಪ್ರತಿ ಮಹಡಿಯನ್ನೂ ನೋಡಿ ಬರಬೇಕೆಂಬುದು ನಿಯಮ. ಇಲ್ಲದ ಬೆಂಕಿಯಲ್ಲಿ ಸಿಕ್ಕಿಕೊಂಡವರನ್ನು ಹುಡುಕುತ್ತಾ ಗುರುಗಳು ಮತ್ತೆ ಮೇಲಕ್ಕೆ ಹತ್ತಿದರು. ಕಂಬಿ ಹಿಡಿದು, ಗೋಡೆ ಹಿಡಿದು, ಕೊನೆಗೆ ಮೆಟ್ಟಿಲನ್ನೇ ಹಿಡಿದು ನಾಲ್ಕನೆಯ ಮಹಡಿ ಮುಟ್ಟಿದಾಗ, ಉಳಿದಿದ್ದ ಒಬ್ಬರೇ ಒಬ್ಬರು ಸಿಕ್ಕರು. ಹೊಲಿಗೆ ಯಂತ್ರದ ಮುಂದೆ ಕಾಲರ್ ತಿರುವುತ್ತಾ ಕೂತಿದ್ದರು.

"ತಕ್ಷಣ ಕೆಳಗೆ ಇಳೀಬೇಕು," ಎಂದರು ಗುರುಗಳು ಬಾಗಿಲಲ್ಲಿ ನಿಂತು.

"ಯಾಕೆ?"

"ಆದೇಶ."

"ಬೆಂಕಿ ಎಲ್ಲಿದೆ?"

ಗುರುಗಳು ಯೋಚಿಸಿದರು. "ಬೆಂಕಿ ಇಲ್ಲ."

"ಮತ್ಯಾಕೆ ಇಳೀಬೇಕು?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಗುರುಗಳು ಹೊಸ್ತಿಲ ಮೇಲೆ ಬುಡ ಕಡಿದ ಮರದ ಹಾಗೆ ಉರುಳಿದರು.

ಗುರುಪತ್ನಿ ಓಡಿ ಬಂದು ಕೋಟಿನ ಕೊಕ್ಕೆಗಳನ್ನು ಎಳೆದಾಡಿದರು. ಗುಂಡಿ ಎಲ್ಲಿ, ಜಿಪ್ಪು ಎಲ್ಲಿ ತಿಳಿಯಲಿಲ್ಲ. ಕತ್ತರಿ ತಂದು ಕತ್ತರಿಸಲು ನೋಡಿದರು. ಬೆಂಕಿಗೇ ಜಗ್ಗದ ಬಟ್ಟೆ ಕತ್ತರಿಗೆ ಜಗ್ಗೀತೇ? ಕೊನೆಗೆ ಪಟ್ಟಿಯ ಅಡಿಯಲ್ಲಿ ಅಡಗಿದ್ದ ಜಿಪ್ಪು ಕೈಗೆ ಸಿಕ್ಕಿ ಎಳೆದಾಗ, ಅನ್ನದ ಪಾತ್ರೆಯ ಮುಚ್ಚಳ ತೆಗೆದಂತೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಅದರೊಳಗೆ ತಮ್ಮ ಗಂಡ ಇದ್ದರು. ಆಕೆ ಕೋಟನ್ನು ಎಳೆದು ಪಕ್ಕಕ್ಕೆ ಎಸೆಯಲು ಹೋದರೆ ಅದು ಎಸೆಯಲು ಬರಲಿಲ್ಲ, ಎರಡೂ ಕೈಯಲ್ಲಿ ಎಳೆದು ಹಾಕಬೇಕಾಯಿತು. ಬಕೆಟ್ಟಿನಲ್ಲಿ ಉಳಿದಿದ್ದ ನೆಲ ಒರೆಸುವ ನೀರನ್ನೇ ಅವರ ಮೈಮೇಲೆ ಸುರಿದುಬಿಟ್ಟರು.

ಠಾಣೆಯ ಹುಡುಗರು ಗ್ಯಾಸ್ ಲೀಕ್ ಎಂದು ಪೂರ್ತಿ ಉಡುಪಿನಲ್ಲೇ ಮೆಟ್ಟಿಲು ಹಾರಿ ಬಂದರು. ಹಿಂದೆ ಠಾಣಾಧಿಕಾರಿಗಳು. ಗುರುಗಳನ್ನು ಸ್ಟ್ರೆಚರಿಗೆ ಬಿಗಿದು ಇಳಿಸತೊಡಗಿದರು. ಮೊದಲ ತಿರುವಿನಲ್ಲಿ ಗುರುಗಳಿಗೆ ಅರೆಬರೆ ಎಚ್ಚರವಾಯಿತು. ಎಚ್ಚರವಾದ ಮೇಲೆ ಸುಮ್ಮನಿರುವ ಜೀವವೇ ಅದು?

"ತಲೆ ಕಡೆ ಎತ್ತಿ ಹಿಡಿ... ತಿರುವಿನಲ್ಲಿ ಅವಸರ ಬೇಡ... ಎಡಗಡೆಯವನು ಮಂಡಿ ಬಗ್ಗಿಸು, ಸೊಂಟ ಅಲ್ಲ..." ಎಂದು ಕಣ್ಣು ಮುಚ್ಚಿಕೊಂಡೇ ನೆಲಮಹಡಿಯವರೆಗೂ ಪಾಠ ಮಾಡಿಕೊಂಡು ಬಂದರು.

ಆಸ್ಪತ್ರೆಯಲ್ಲಿ ಗುರುಗಳಿಗೆ ಪೂರ್ತಿ ಎಚ್ಚರವಾದಾಗ ಕೈಗೆ ಸಲೈನ್, ತಲೆಯ ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ಹೆಂಡತಿ. ಡಾಕ್ಟರಮ್ಮ ಗುರುಪತ್ನಿಗೆ ವಿವರಿಸುತ್ತಿದ್ದರು.

"ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟ ಆಗ್ತಿತ್ತು. ಮೈ ಬಿಸಿ ಹೊರಗೆ ಹೋಗೋಕೆ ದಾರಿನೇ ಇರಲಿಲ್ಲ. ಆ ಉಡುಪನ್ನ ಹೊತ್ತು ನಡೆಯೋದೇ ಒಂದು ದೊಡ್ಡ ದುಡಿಮೆ. ನಾವು ನಡೆದ್ರೆ ನಡೆಯೋದು. ಇವರು ನಡೆದ್ರೆ ಓಡಿದ ಲೆಕ್ಕ. ವಯಸ್ಸಾದಷ್ಟೂ ಅದು ಹೆಚ್ಚು ಹಿಂಡುತ್ತೆ."

"ಬೆಂಕಿ ಇಲ್ಲದಿದ್ರೂನಾ?"

"ಬೆಂಕಿ ಇಲ್ಲದಿದ್ರೂ."

ಡಾಕ್ಟರಮ್ಮ ಹೋದ ಮೇಲೆ ಗುರುಪತ್ನಿ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

"ಅಂದ್ರೆ ಡ್ರಿಲ್ ದಿನ ಬಂದು ಬಿದ್ಕೋತಿದ್ದಿದ್ದು ನಿಜವಾದ ಸುಸ್ತೇ."

"ಹೂಂ."

"ನಾನು ಬಾಯಿಗೆ ಬಂದ ಹಾಗೆ ಅಂದೆ. ನೀವು ಅನ್ನಿಸಿಕೊಂಡ್ರಿ. ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಹೋಗಿ ಹಲೋ ಪಕ್ಕ ಕೂರಿ ಅಂತಿದ್ದೆ."

"ಅಂತಿದ್ದೆ. ಯಾವತ್ತೋ ಅಂತಿದ್ದೆ. ಮನೇಲಿ ಯಾವ ಗಿಡಕ್ಕೆ ಎಷ್ಟು ನೀರು ಅಂತ ನನಗೆ ಹೇಳಿಕೊಡ್ತೀರಿ, ನಿಮಗೆ ನೀರು ಬೇಕು ಅಂತ ಹೇಳೋಕೆ ಬಾಯಿ ಬರಲಿಲ್ಲ." ಆಕೆಗೆ ಸಿಟ್ಟು ಬಂದಿತ್ತು. ಇಷ್ಟು ದಿನ ತಪ್ಪು ಕಾರಣಕ್ಕೆ ಸಿಟ್ಟು ಮಾಡಿಕೊಂಡಿದ್ದೆನಲ್ಲ ಎಂಬುದಕ್ಕೂ ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಠಾಣಾಧಿಕಾರಿಗಳು ಬಂದರು. ಅವರೂ ಒಂದು ಕಾಲದಲ್ಲಿ ಗುರುಗಳಿಂದ ಪೈಪು ಸುತ್ತುವುದನ್ನು ಕಲಿತವರೇ. ಉಡುಪನ್ನು ಮನೆಗೆ ಒಯ್ದದ್ದರ ಬಗ್ಗೆ ಒಂದೂ ಮಾತೆತ್ತಲಿಲ್ಲ. ಅದರಿಂದಲೇ ಗುರುಗಳಿಗೆ ಹೆದರಿಕೆಯಾಯಿತು.

"ಗುರುಗಳೇ, ಮೇಲಿನವರ ಜೊತೆ ಮಾತಾಡಿದೆ. ಈ ವರ್ಷದ ಪರೀಕ್ಷೆ ಇಲ್ಲ."

ಗುರುಗಳ ಕಣ್ಣು ಅರಳಿತು. "ಮುಂದಕ್ಕೆ ಹಾಕಿದ್ರಾ?"

"ಮುಗೀತು. ನಾಲ್ಕು ಮಹಡಿ, ಪೂರ್ತಿ ಉಡುಪು, ಒಬ್ಬ ಮನುಷ್ಯನ ಭಾರ. ಹುಡುಗರು ನಿಗದಿಯಾದ ಹೊತ್ತಿಗಿಂತ ಮುಂಚೆಯೇ ಇಳಿಸಿದ್ರು. ಅಭ್ಯಾಸಬಲ, ನಾನು ಗಡಿಯಾರ ನೋಡಿಕೊಂಡಿದ್ದೆ. ಅದನ್ನೇ ಪರೀಕ್ಷೆ ಅಂತ ಒಪ್ಪಿಕೊಂಡ್ರು. ಎಲ್ಲರೂ ಪಾಸು."

"ಮತ್ತೆ ನಂದು?"

"ನಿಮ್ಮದು ಹೇಗೆ ಸ್ವಾಮಿ? ಅವರು ಹೊತ್ತಿದ್ದು ನಿಮ್ಮನ್ನೇ ಅಲ್ವಾ?" ಠಾಣಾಧಿಕಾರಿಗಳು ಸಲೈನ್ ಬಾಟಲಿಯ ಕಡೆ ನೋಡುತ್ತಾ ಹೇಳಿದರು. "ಹುಷಾರಾದ ಮೇಲೆ ಟೆಲಿಫೋನಿಗೆ ಬನ್ನಿ."

ವಾಹನದ ಮೇಲೆ ಕಾಲಿಡುವ ಆ ಜಾಗ, ಗಂಟೆ ಹೊಡೆದಾಗ ಮೈಯಲ್ಲಿ ಏಳುವ ಆ ಝುಮ್ಮು, ಎಲ್ಲ ಒಂದು ಮಾತಿನಲ್ಲಿ ಹೋಯಿತು. ಹೋದದ್ದು ಬೆಂಕಿಯಲ್ಲೂ ಅಲ್ಲ, ನೆಲ ಒರೆಸುವುದರಲ್ಲಿ. ಆದರೂ ಮುಳುಗುವವರು ಏನನ್ನಾದರೂ ಹಿಡಿದುಕೊಳ್ಳಬೇಕಲ್ಲ.

"ಇರಲಿ. ಹುಡುಗರು ನನ್ನನ್ನ ಇಳಿಸಿದ್ದು ಹೇಗಿತ್ತು? ಬೊಂಬೆಗಿಂತ ನಾನು ಸಲೀಸಾಗಿದ್ದಿರಬೇಕು."

"ಇಲ್ಲ ಗುರುಗಳೇ. ಮುಂದಿನ ವರ್ಷ ಬೊಂಬೇನೇ ಇರಲಿ ಅಂದ್ರು," ಎಂದರು ಠಾಣಾಧಿಕಾರಿಗಳು ನಗು ತಡೆದುಕೊಂಡು. "ಬೊಂಬೆ ದಾರಿಯುದ್ದಕ್ಕೂ ಪಾಠ ಹೇಳಲ್ಲವಂತೆ."

ಅವರು ಹೋದ ಮೇಲೆ ಗುರುಗಳು ಗೋಡೆಯ ಕಡೆ ತಿರುಗಿ ಮಲಗಿದರು. ಹೆಂಡತಿ ಏನಾದರೂ ಸಮಾಧಾನ ಹೇಳಬಹುದೆಂದು ಕಾದರು.

"ಟೆಲಿಫೋನಿನಲ್ಲೂ ಕೆಲಸ ಇದೆ," ಎಂದು ಕೊನೆಗೆ ತಾವೇ ಶುರು ಮಾಡಿದರು. "ಬೆಂಕಿ ಬಿದ್ದ ಮನೆಯವರಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ಒಂದೊಂದಾಗಿ ಹೇಳಿಕೊಡಬೇಕು."

"ಹೇಳಿಕೊಡಿ," ಎಂದರು ಗುರುಪತ್ನಿ, ಹಣೆಯ ಮೇಲಿನ ಬಟ್ಟೆಯನ್ನು ತೆಗೆದು ನೀರಲ್ಲಿ ಅದ್ದಿ ಹಿಂಡುತ್ತಾ. "ಅವರಿಗೆ ಸಾಕು ಅನ್ನಿಸಿದ್ರೆ ಫೋನ್ ಇಟ್ಟುಬಿಡ್ತಾರೆ. ನನಗೆ ಆ ಅನುಕೂಲ ಇರಲಿಲ್ಲ."